ಬೆಳ್ಳಗಿರುವುದೆಲ್ಲ ಆಲ್ಬಿನೋ ಅಲ್ಲ

2021ರ ಫೆಬ್ರವರಿಯಲ್ಲಿ ಒಂದು ಪೆಂಗ್ವಿನ್ ಜಗತ್ತಿನ ಫೋನುಗಳಿಗೆಲ್ಲ ಬಂದಿಳಿಯಿತು. ಬೆಲ್ಜಿಯಂನ ಛಾಯಾಗ್ರಾಹಕ ಈವ್ ಆಡಮ್ಸ್ 2019ರ ಡಿಸೆಂಬರಿನಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ ತೆಗೆದ ಚಿತ್ರ ಅದು. ಕಿಂಗ್ ಪೆಂಗ್ವಿನ್ ಎಂದರೆ ಕರಿ ತಲೆ, ಬೂದು ಬೆನ್ನು, ಕತ್ತಿನ ಬಳಿ ಹಳದಿ. ಈ ಹಕ್ಕಿಯಲ್ಲಿ ಕಪ್ಪೂ ಇಲ್ಲ, ಬೂದೂ ಇಲ್ಲ. ಮೈಯೆಲ್ಲ ಕೆನೆಬಣ್ಣ, ಹಳದಿ ಮಾತ್ರ ಇದ್ದ ಜಾಗದಲ್ಲೇ ಇದೆ. ಲ್ಯೂಸಿಸಂ ಎಂದರು ಕೆಲವು ತಜ್ಞರು. ಮೆಲನಿನ್ ಪೂರ್ತಿ ಇಲ್ಲದಂತಿದೆಯಲ್ಲ ಎಂದರು ಇನ್ನೊಬ್ಬರು. ಬರಿಯ ಚಿತ್ರ ನೋಡಿ ಇತ್ಯರ್ಥ ಮಾಡಲಾಗದು ಎಂಬುದೇ ಆ ಚರ್ಚೆಯ ಸಾರ. ಆದರೆ ಚಿತ್ರ ಹಂಚುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಬಿಳಿ ಹಕ್ಕಿ ಕಂಡರೆ ನಮ್ಮ ಬಾಯಿಗೆ ಬರುವುದು ಎರಡೇ ಮಾತು: 'ಆಲ್ಬಿನೋ', ಇಲ್ಲವೇ 'ಪ್ರಕೃತಿಯ ವಿಸ್ಮಯ'.

ನನ್ನ ತಕರಾರು ಹಕ್ಕಿಯ ಮೇಲಲ್ಲ, ಈ ಎರಡು ಮಾತುಗಳ ಮೇಲೆ.

ಆಲ್ಬಿನೋ ಎನ್ನುವುದು ಬಣ್ಣದ ಹೆಸರಲ್ಲ, ಕಾರಣದ ಹೆಸರು. ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವ ಆನುವಂಶಿಕ ದೋಷದಿಂದ ಕೆಲಸ ಮಾಡದಿದ್ದಾಗ ಗರಿ, ಚರ್ಮ, ಕಣ್ಣು ಯಾವುದರಲ್ಲೂ ಮೆಲನಿನ್ ಇರುವುದಿಲ್ಲ. ಕಣ್ಣು ಕೆಂಪಾಗಿ ಕಾಣುವುದು ಅದಕ್ಕೇ. ಅಂಥ ಕಣ್ಣಿಗೆ ಬಿಸಿಲು ತಡೆಯದು, ನೋಟವೂ ಮಂದ. ಹಾರುತ್ತ ಮೀನು ಹುಡುಕಿ ಬದುಕಬೇಕಾದ ಕಡಲಹಕ್ಕಿಗೆ ಮಂದ ನೋಟ ಎಂದರೇನು ಎಂದು ವಿವರಿಸಬೇಕಿಲ್ಲ. ನಿಜವಾದ ಆಲ್ಬಿನೋ ಮರಿಗಳು ಬಹುಪಾಲು ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಸಾಯುತ್ತವೆ. ಆದ್ದರಿಂದ ಕಪ್ಪು ಕಣ್ಣಿನ, ಗಟ್ಟಿಮುಟ್ಟಾದ, ವಯಸ್ಕ ಬಿಳಿ ಹಕ್ಕಿಯೊಂದು ಬಂಡೆಯ ಮೇಲೆ ನಿಂತಿದ್ದರೆ ಅದು ಆಲ್ಬಿನೋ ಅಲ್ಲ.

ಹಾಗಾದರೆ ಏನು? ಲ್ಯೂಸಿಸಂ ಇರಬಹುದು. ಅಲ್ಲಿ ಬಣ್ಣದ ಕೋಶಗಳು ಮೊಟ್ಟೆಯೊಳಗಿನ ಬೆಳವಣಿಗೆಯಲ್ಲೇ ಚರ್ಮದ ಕೆಲವು ಭಾಗಗಳನ್ನು ಅಥವಾ ಇಡೀ ಚರ್ಮವನ್ನು ತಲುಪಿರುವುದಿಲ್ಲ. ಹುಟ್ಟಿದಾಗಿನ ಬಿಳಿ ಸಾಯುವವರೆಗೂ ಹಾಗೇ ಉಳಿಯುತ್ತದೆ. ಅಥವಾ ಮೊದಲು ಸಹಜ ಬಣ್ಣವಿದ್ದು, ಗರಿ ಉದುರಿ ಹೊಸತು ಬಂದಾಗಲೆಲ್ಲ ಬಿಳಿ ಹೆಚ್ಚುತ್ತಾ ಹೋಗಿರಬಹುದು. ನಮ್ಮ ಕೂದಲು ನರೆತಂತೆ. ಅಥವಾ ಕಪ್ಪು ಮೆಲನಿನ್ ಅರೆಬರೆ ತಯಾರಾಗಿ ಗರಿ ಕಂದಾಗಿ ಹುಟ್ಟಿ, ವರ್ಷವಿಡೀ ಕಡಲ ಬಿಸಿಲು ಕುಡಿದು ಬಿಳಿಚಿಕೊಂಡಿರಬಹುದು. ಈ ಕಂದು ಬಗೆಯ ದೋಷ ಲಿಂಗ ವರ್ಣತಂತುವಿನ ಮೂಲಕ ಬರುವುದರಿಂದ ಹೆಚ್ಚಾಗಿ ಹೆಣ್ಣುಗಳಲ್ಲೇ ಕಾಣುತ್ತದೆ. ಬಣ್ಣ ಒಂದೇ, ಕಥೆ ಬೇರೆ ಬೇರೆ. ಹುಟ್ಟಿನಿಂದಲೇ ಹೀಗಿತ್ತೋ, ಆಮೇಲೆ ಹೀಗಾಯಿತೋ ಎಂದು ಹೇಳಲು ಒಂದೇ ಹಕ್ಕಿಯನ್ನು ವರ್ಷಗಟ್ಟಲೆ ನೋಡಬೇಕು. ಒಂದು ಫೋಟೋದಲ್ಲಿ ಆ ಕಾಲ ಇರುವುದಿಲ್ಲ.

ಇದನ್ನೆಲ್ಲ ನಾನು ಕಂಡುಹಿಡಿದಿಲ್ಲ. ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪಕ್ಷಿ ಸಂಗ್ರಹ ನೋಡಿಕೊಳ್ಳುವ ಹೈನ್ ವಾನ್ ಗ್ರೌ 2006ರಿಂದ ಇದನ್ನೇ ಬರೆಯುತ್ತಾ ಬಂದಿದ್ದಾರೆ. ವಿಜ್ಞಾನ ಪತ್ರಿಕೆಗಳಲ್ಲೂ ಲ್ಯೂಸಿಸಂ ಎಂಬ ಪದ ಹೇಗೆಂದರೆ ಹಾಗೆ ಬಳಕೆಯಾಗಿದೆ ಎಂಬುದು ಅವರ ದೂರು. ಅಂದರೆ ತಪ್ಪು ವಾಟ್ಸಾಪಿನದು ಮಾತ್ರವಲ್ಲ. ನಮ್ಮ ಸಂಶೋಧಕರ ಮನೆಯ ದೋಸೆಯೂ ತೂತೇ.

ಇನ್ನು ವಿಸ್ಮಯದ ಮಾತು. ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿ ದಕ್ಷಿಣದ ದೈತ್ಯ ಪೆಟ್ರೆಲ್ ಎಂಬ ಹಕ್ಕಿಯಿದೆ. ಹೆಚ್ಚಿನವು ಕಂದುಬೂದು, ಕೆಲವು ಅಲ್ಲೊಂದು ಇಲ್ಲೊಂದು ಕರಿ ಗರಿ ಬಿಟ್ಟರೆ ಪೂರ್ತಿ ಬಿಳಿ. ಈ ಬಿಳಿ ದೋಷವೂ ಅಲ್ಲ, ಪವಾಡವೂ ಅಲ್ಲ. ಆ ಪ್ರಭೇದಕ್ಕೆ ಇರುವ ಎರಡು ರೂಪಗಳಲ್ಲಿ ಒಂದು. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ಅಳಿವೆಗಳಲ್ಲಿ ನಿಂತು ನೋಡಿ. ವೆಸ್ಟರ್ನ್ ರೀಫ್ ಹೆರಾನ್ ಎಂಬ ಕೊಕ್ಕರೆ ಒಂದೇ ಪ್ರಭೇದವಾಗಿದ್ದೂ ಕಡು ಬೂದಾಗಿಯೂ ಇರುತ್ತದೆ, ಅಚ್ಚ ಬಿಳಿಯಾಗಿಯೂ ಇರುತ್ತದೆ. ಬಿಳಿಯದನ್ನು ನಾವು ಬೆಳ್ಳಕ್ಕಿ ಎಂದುಕೊಂಡು ಮುಂದೆ ಹೋಗುತ್ತೇವೆ. ಅಂದಮೇಲೆ ನಮ್ಮನ್ನು ಬೆರಗುಗೊಳಿಸುವುದು ಬಿಳಿಯೂ ಅಲ್ಲ, 'ಕಪ್ಪಾಗಿರಬೇಕಾದದ್ದು ಬೆಳ್ಳಗಾಯಿತು' ಎಂಬ ಸಂಭ್ರಮ. ಆ ಸಂಭ್ರಮ ಪಕ್ಷಿಶಾಸ್ತ್ರದಿಂದ ಬಂದದ್ದಲ್ಲ, ಫೇರ್‌ನೆಸ್ ಕ್ರೀಮಿನ ಜಾಹೀರಾತಿನಿಂದ ಬಂದದ್ದು.

ಹಕ್ಕಿಯ ಲೆಕ್ಕದಲ್ಲಿ ಬಿಳಿ ಒಂದು ಗಳಿಕೆಯಲ್ಲ. ಮೆಲನಿನ್ ತುಂಬಿದ ಗರಿ ಸವೆತವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಗ್ಯಾನೆಟ್‌ನಂಥ ಬಿಳಿ ಕಡಲಹಕ್ಕಿಗಳನ್ನು ನೋಡಿ: ಮೈ ಎಷ್ಟೇ ಬಿಳಿಯಾಗಿದ್ದರೂ ಗಾಳಿಗೆ ಹೆಚ್ಚು ಸವೆಯುವ ರೆಕ್ಕೆಯ ತುದಿ ಮಾತ್ರ ಕಪ್ಪು. ನಾವು ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಕಾಯುತ್ತದೋ ಇಲ್ಲವೋ, ಗ್ಯಾನೆಟ್‌ನ ರೆಕ್ಕೆಯನ್ನು ಕಪ್ಪೇ ಕಾಯುತ್ತದೆ.

'ನೀವು ಪಿಎಚ್‌ಡಿಯವರು ಎಲ್ಲದಕ್ಕೂ ಷರಾ ಬರೀತೀರಿ. ಜನ ಒಂದು ಹಕ್ಕಿ ನೋಡಿ ಖುಷಿಪಟ್ಟರೆ ನಿಮ್ಮ ಗಂಟೇನು ಹೋಯ್ತು?' ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಹೋಗುವುದು ಎರಡು ಗಂಟು.

ಮೊದಲನೆಯದು, ಬಿಳಿ ಗರಿ ಸಾಕ್ಷಿಯೂ ಹೌದು. ಚೆರ್ನೋಬಿಲ್ ಸುತ್ತಲಿನ ಬಾರ್ನ್ ಸ್ವಾಲೋ ಹಕ್ಕಿಗಳ ಬಿಳಿ ಗರಿಗಳನ್ನು ವಿಕಿರಣದ ಪರಿಣಾಮಕ್ಕೆ ಗುರುತಾಗಿ ಎಣಿಸಿದ ಅಧ್ಯಯನಗಳಿವೆ. ಬಿಳಿಗೆ ಕಾರಣ ವಂಶವಾಹಿಯೋ, ವಯಸ್ಸೋ, ಆಹಾರದ ಕೊರತೆಯೋ, ಪರಿಸರದ ವಿಷವೋ ಎಂಬುದು ಗೊತ್ತಾಗಬೇಕಾದ ಸಂಗತಿ. ನೋಡಿದವರೆಲ್ಲ 'ಆಲ್ಬಿನೋ' ಎಂದು ಬರೆದಿಟ್ಟರೆ, ಮುಂದೆ ಆ ದಾಖಲೆ ತೆರೆಯುವವರಿಗೆ ಪ್ರಶ್ನೆ ಉಳಿಯುವುದೇ ಇಲ್ಲ. ಉತ್ತರ ಮೊದಲೇ ಬರೆದಾಗಿದೆ, ಅದೂ ತಪ್ಪಾಗಿ.

ಎರಡನೆಯದು ನನ್ನನ್ನು ಹೆಚ್ಚು ಕಾಡುವುದು. ಬಣ್ಣ ಕಳೆದುಕೊಂಡ ಪೆಂಗ್ವಿನ್ನಿಗೆ ಕೈಮುಗಿಯುವ ನಾವೇ, ಬಣ್ಣ ಕಳೆದುಕೊಂಡ ಮನುಷ್ಯರನ್ನು ಕಂಡರೆ ಬಸ್ಸಿನಲ್ಲಿ ಸೀಟು ಬದಲಿಸುತ್ತೇವೆ. ತೊನ್ನು ಅಂಟುರೋಗವಲ್ಲ, ಚರ್ಮದ ಬಣ್ಣದ ಕೋಶಗಳು ನಾಶವಾಗುವುದು ಅಷ್ಟೇ. ಆದರೆ ಅದಕ್ಕೆ 'ಶ್ವೇತಕುಷ್ಠ' ಎಂಬ ಹೆಸರೂ ಇದೆ. ಕುಷ್ಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಒಂದು ತಪ್ಪು ಹೆಸರು ಎಷ್ಟು ಹೆಣ್ಣುಮಕ್ಕಳ ಮದುವೆಯ ಮಾತುಕತೆಯನ್ನು ಅರ್ಧಕ್ಕೇ ಮುರಿದಿದೆ, ಎಷ್ಟು ಮಂದಿಯನ್ನು ತುಂಬುತೋಳಿನ ಅಂಗಿಯೊಳಗೆ ಬಚ್ಚಿಟ್ಟಿದೆ ಎಂದು ನಮ್ಮ ಊರುಗಳಿಗೆ ಗೊತ್ತು. ಹೆಸರು ತಪ್ಪಾದರೆ ಏನಾಗುತ್ತದೆ ಎಂದು ಕೇಳುವ ಹಕ್ಕು ಕನ್ನಡದವರಿಗಂತೂ ಇಲ್ಲ. ಹಕ್ಕಿಯಲ್ಲಿ ಪವಾಡ, ಮನುಷ್ಯರಲ್ಲಿ ಶಾಪ: ಎರಡೂ ನೋಡದೆ ಹೆಸರಿಡುವ ಒಂದೇ ಚಾಳಿಯ ಎರಡು ಮುಖಗಳು.

ಖುಷಿಪಡಬೇಡಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ಸಲ ಕಡಲ ದಂಡೆಯಲ್ಲಿ ಬಿಳಿ ಹಕ್ಕಿಯೊಂದು ಕಂಡರೆ ಕಣ್ಣಿನ ಬಣ್ಣ ನೋಡಿ, ಕೊಕ್ಕು ಮತ್ತು ಕಾಲು ನೋಡಿ, ಬಿಳಿ ಎಲ್ಲೆಲ್ಲಿದೆ ಎಂದು ಬರೆದುಕೊಳ್ಳಿ. ಮುಂದಿನ ವರ್ಷ ಅದೇ ಹಕ್ಕಿ ಸಿಕ್ಕಿದರೆ ಮತ್ತೆ ಬರೆಯಿರಿ. ಕಾರಣ ಗೊತ್ತಿಲ್ಲದಿದ್ದರೆ 'ಬಿಳಿ ಗರಿಗಳಿದ್ದವು' ಎಂದಷ್ಟೇ ಬರೆದರೆ ಸಾಕು. ಅದರಲ್ಲಿ ಬೆರಗಿಗೆ ಏನೂ ಕಡಿಮೆಯಾಗುವುದಿಲ್ಲ, ಸುಳ್ಳೂ ಇರುವುದಿಲ್ಲ.