ಮಡಚುವ ದೋಣಿಯ ಪರವಾಗಿ

“ಮಡಚುವ ಛತ್ರಿ ಸರಿ, ಮಡಚುವ ಕುರ್ಚಿಯೂ ಸರಿ. ಮಡಚುವ ದೋಣಿಯಲ್ಲಿ ಕೂತು ಮುಳುಗುವ ಹುಚ್ಚು ನಿನಗೇಕಯ್ಯ?” ಎಂದು ನನ್ನ ಮಿತ್ರರೊಬ್ಬರು ಕಂಡಾಗಲೆಲ್ಲ ಕೇಳುತ್ತಾರೆ, ಉತ್ತರಕ್ಕೆ ಮಾತ್ರ ಕಾಯುವುದಿಲ್ಲ. ವರ್ಷಕ್ಕೊಮ್ಮೆ ಕಾರಿನಲ್ಲಿ ಶರಾವತಿಯ ಹಿನ್ನೀರಿನ ದಡಕ್ಕೆ ಹೋಗಿ, ರೆಸಾರ್ಟಿನ ಕಿಟಕಿಯಿಂದ ನೀರನ್ನು ನೋಡಿ, ಹೊಟ್ಟೆ ತುಂಬ ಉಂಡು ಹಿಂತಿರುಗುವುದು ಅವರ ಪದ್ಧತಿ. ಅದರಲ್ಲಿ ಅವರಿಗೆ ಯಾವ ಹುಚ್ಚೂ ಕಾಣುವುದಿಲ್ಲ.

ಅವರ ಆಕ್ಷೇಪಣೆಗಳು ಮೂರು. ಒಂದು, ಬಟ್ಟೆಯ ದೋಣಿ ದುರ್ಬಲ. ಎರಡು, ಇದು ಪರದೇಶದಿಂದ ಬಂದ ಹಣವಂತರ ಆಟಿಕೆ. ಮೂರು, ಹೋಗುವುದೇ ಆದರೆ ಸಂಜೆಗೆ ಮನೆ ಸೇರಬಾರದೆ, ರಾತ್ರಿ ದಡದಲ್ಲಿ ಮಲಗುವುದೇಕೆ? ಈ ಮೂರಕ್ಕೂ ನನ್ನಲ್ಲಿ ಉತ್ತರವಿದೆ. ನಾಲ್ಕನೆಯ ಆಕ್ಷೇಪಣೆಯೊಂದನ್ನು ಹಿನ್ನೀರಿನ ಮುದುಕರೊಬ್ಬರು ಎತ್ತಿದರು. ಅದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ದುರ್ಬಲವೆಂಬ ಮಾತನ್ನು ಮೊದಲು ನೋಡೋಣ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಸಾವಿರಾರು ವರ್ಷಗಳಿಂದ ಕಟ್ಟಿಗೆ, ಮೂಳೆಗಳ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಯಾಕ್ ಮಾಡಿ, ಹಿಮದ ನೀರಿನಲ್ಲಿ ಬೇಟೆಯಾಡಿ ಬದುಕಿದರು. ಮಡಚುವ ಕಯಾಕ್ ಅದರ ಮೊಮ್ಮಗು. ಹಾನೆಸ್ ಲಿಂಡೆಮನ್ ಎಂಬ ಜರ್ಮನ್ ವೈದ್ಯ 1956ರಲ್ಲಿ ಇಂಥದೇ ದೋಣಿಯಲ್ಲಿ ಒಬ್ಬನೇ ಕುಳಿತು, 72 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ. ಆಸ್ಕರ್ ಸ್ಪೆಕ್ ಎಂಬಾತ 1932ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಿಂದ ಡ್ಯಾನ್ಯೂಬ್ ನದಿಗಿಳಿದು, ದೋಣಿಗಳನ್ನು ಬದಲಿಸುತ್ತ, ಭಾರತದ ಪಶ್ಚಿಮ ಕರಾವಳಿಯ ಗುಂಟ ಸಿಂಹಳಕ್ಕೆ ಹೋಗಿ, 1939ರಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟಿದ. ಇವರನ್ನು ಅನುಕರಿಸಿರೆಂದು ಹೇಳುತ್ತಿಲ್ಲ. ಸಾಗರ ದಾಟಿದ ದೋಣಿ ಜನವರಿಯ ತಿಳಿಗಾಳಿಯಲ್ಲಿ ಒಂದು ಹಿನ್ನೀರನ್ನು ದಾಟಲಾರದೆ ಎಂದಷ್ಟೇ ನನ್ನ ಪ್ರಶ್ನೆ.

ಎರಡನೆಯದು, ಪರದೇಶದ ಆಟಿಕೆ ಎಂಬುದು. 1905ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿ ಆಲ್‌ಫ್ರೆಡ್ ಹಾಯ್ರಿಶ್ ತನ್ನ ಮೊದಲ ಮಡಚುವ ದೋಣಿಯನ್ನು ಯಾವುದರಿಂದ ಕಟ್ಟಿದನೆಂದು ಬಲ್ಲಿರಾ? ಬಿದಿರಿನ ಕೋಲು ಮತ್ತು ಹಾಯಿಬಟ್ಟೆಯಿಂದ! ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿದ ಹರಿಗೋಲನ್ನು ತುಂಗಭದ್ರೆಯಲ್ಲೂ ಕಾವೇರಿಯಲ್ಲೂ ತಲೆತಲಾಂತರದಿಂದ ತೇಲಿಸಿದ ನಾವು ಇದನ್ನು ಪರಕೀಯವೆಂದು ನಗುವುದು ಸೋದರಮಾವನ ಮಗನನ್ನು ಗುರುತಿಸದಂತಾಯಿತು. ಹಾಯ್ರಿಶನಿಂದ 1907ರಲ್ಲಿ ಹಕ್ಕನ್ನು ಕೊಂಡು ದೋಣಿಗಳನ್ನು ಮಾಡತೊಡಗಿದ ಕ್ಲೆಪ್ಪರ್ ಸಾಹುಕಾರನಲ್ಲ, ರೋಸೆನ್‌ಹೈಮ್ ಊರಿನ ದರ್ಜಿ. ದೋಣಿ ಇಡಲು ಮನೆಯಲ್ಲಿ ಜಾಗವಿಲ್ಲದ, ಸಾಗಿಸಲು ಗಾಡಿಯಿಲ್ಲದ ನಗರವಾಸಿಗಳು ಅದನ್ನು ಚೀಲದಲ್ಲಿ ಹೊತ್ತು ರೈಲು ಹತ್ತಿ ಹೊಳೆಗೆ ಹೋದರು. ಆಮದಾದ ದೋಣಿಯ ಬೆಲೆ ಇಂದು ಹೆಚ್ಚೆಂಬುದು ನಿಜ. ನನ್ನದನ್ನು ನಾವು ಮೂವರು ಸೇರಿ, ಹಳೆಯದನ್ನು ಕೊಂಡೆವು. ಆದರೆ ಬಾಡಿಗೆ ಮನೆಯ ಮಂಚದ ಕೆಳಗೆ ಹಿಡಿಸುವ, ತಾಳಗುಪ್ಪದ ರೈಲಿನಲ್ಲಿ ಸಾಗರದವರೆಗೆ ಬರುವ ಇನ್ನಾವ ದೋಣಿಯುಂಟು?

ಮೂರನೆಯದು, ರಾತ್ರಿ ಏಕೆ ಎಂಬುದು. ಹಗಲಿನಲ್ಲಿ ನೀರಿನ ಮೇಲೆ ಹೋಗಿಬಂದವನು ನೀರನ್ನು ನೋಡಿದವನು. ಅದರ ಪಕ್ಕದಲ್ಲಿ ಮಲಗಿ ಎದ್ದವನು ಅದರೊಡನೆ ಒಂದು ದಿನ ಬದುಕಿದವನು. ಸಂಜೆ ಗಾಳಿ ಯಾವ ಕಡೆಯಿಂದ ಏಳುತ್ತದೆ, ಯಾವಾಗ ಅಡಗುತ್ತದೆ, ಬೆಳಗಿನ ಮಂಜು ಎಷ್ಟು ಹೊತ್ತಿಗೆ ಒಡೆಯುತ್ತದೆ, ಇವೆಲ್ಲ ಅವನಿಗೆ ಮಾತ್ರ ತಿಳಿಯುತ್ತವೆ. ಹಾಗೆಂದು ಅವಿವೇಕಕ್ಕೆ ನಾನು ವಕೀಲನಲ್ಲ. ಮಳೆಗಾಲದಲ್ಲಿ ಇಳಿಯುವುದು, ಕತ್ತಲಲ್ಲಿ ಹುಟ್ಟು ಹಾಕುವುದು, ತೇಲುವ ಜಾಕೆಟ್ಟನ್ನು ಸೀಟಿನ ಕೆಳಗೆ ಇಡುವುದು, ಮೊಸಳೆಗಳಿರುವ ಕಾಳಿ ಹೊಳೆಯ ಅಂಚಿನಲ್ಲಿ ಡೇರೆ ಹೊಡೆಯುವುದು ಸಾಹಸವಲ್ಲ, ಬರಿಯ ಮೂರ್ಖತನ.

ಇನ್ನು, ಈ ದೋಣಿಯ ದೋಷಗಳೆಂದು ಹೇಳುವವೇ ಅದರ ಪಾಠಗಳು. ಮೊದಲ ಸಲ ನಾನೂ ಪ್ರೆಷರ್ ಕುಕ್ಕರು, ಮಡಚುವ ಮೇಜು, ಎರಡು ದಿಂಬು, ಹದಿನೈದು ಲೀಟರಿನ ನೀರಿನ ಡಬ್ಬಿ ಎಲ್ಲವನ್ನೂ ತಂದಿದ್ದೆ. ದೋಣಿಯೊಳಗೆ ಪಕ್ಕೆಲುಬುಗಳಂತೆ ಅಡ್ಡಪಟ್ಟಿಗಳಿವೆ. ದೊಡ್ಡ ಚೀಲ ಅವುಗಳ ನಡುವೆ ತೂರುವುದಿಲ್ಲ. ಒಂದು ಗಂಟೆ ಹೆಣಗಿ, ಕೊನೆಗೆ ಮೇಜನ್ನೂ ದಿಂಬುಗಳನ್ನೂ ದಡದ ಚಹದಂಗಡಿಯಲ್ಲಿ ಒಪ್ಪಿಸಿ ಹೊರಟೆ. ಈಗ ಸಣ್ಣ ಸಣ್ಣ ಚೀಲಗಳು ಮಾತ್ರ. ಭಾರವಾದದ್ದು ನಡುವೆ, ತಳಕ್ಕೆ ತಾಗಿ, ಹಗುರವಾದದ್ದು ತುದಿಗಳಿಗೆ, ಗಾಳಿಗೆ ಸಿಗುವಂತೆ ಮೇಲೆ ಏನನ್ನೂ ಕಟ್ಟುವುದಿಲ್ಲ. ಕಲ್ಲಿನ ದಡದಲ್ಲಿ ದೋಣಿಯನ್ನು ಎಳೆಯುವಂತಿಲ್ಲ: ಮೊಳಕಾಲು ನೀರಿನಲ್ಲಿ ಇಳಿದು, ಸಾಮಾನು ಖಾಲಿ ಮಾಡಿ, ಇಬ್ಬರು ಎತ್ತಿ ತಂದು, ಬೋರಲು ಹಾಕಿ, ಮರಕ್ಕೆ ಬಿಗಿಯಬೇಕು. ಮನೆಗೆ ಮರಳಿದ ಮೇಲೆ ಹೊದಿಕೆಯನ್ನು ಚೆನ್ನಾಗಿ ಆರಿಸದಿದ್ದರೆ ಬೂಷ್ಟು ಹಿಡಿದು, ಹಾಕಿದ ದುಡ್ಡು ಹೋಯಿತು. ಇಷ್ಟು ನಾಜೂಕಾದ ವಸ್ತುವನ್ನು ನಂಬಿದವನು ದಡದ ಕಲ್ಲನ್ನೂ ನೋಡಿ ಕಾಲಿಡುತ್ತಾನೆ.

ಈಗ ನಾಲ್ಕನೆಯದಕ್ಕೆ ಬರುತ್ತೇನೆ. ತುಮರಿಯ ಕಡೆಗೆ ಸೇತುವೆ ಆಗುವುದಕ್ಕೆ ಮುಂಚಿನ ಮಾತು. ಒಂದು ಕಚೇರಿ ಇನ್ನೊಂದನ್ನು ತೋರಿಸಿ, ಮೂರನೆಯದರಲ್ಲಿ ಅನುಮತಿಗೆ ಸಹಿ ಸಿಕ್ಕಿ, ದಡದಲ್ಲಿ ಡೇರೆ ಹೊಡೆದಿದ್ದೆವು. ಸಂಜೆ ದನ ಹುಡುಕುತ್ತ ಬಂದ ಮುದುಕರೊಬ್ಬರು ದೋಣಿಯನ್ನು ಬೆರಳಿನಿಂದ ಒತ್ತಿ ನೋಡಿದರು.

“ಏನ್ ಮಾರಾಯ್ರೆ, ದೋಣೀನ ಚೀಲ್ದಲ್ಲಿ ತಂದ್ರಾ?”

“ಹೌದಜ್ಜ. ಒಂದು ರಾತ್ರಿ ಇದ್ದು ಹೋಗುತ್ತೇವೆ.”

“ಇರಿ, ಇರಿ. ನಿಮ್ಗೆ ಇದು ಒಂದ್ ರಾತ್ರಿ ಆಟ. ನಮ್ಗೆ ಕಡೇ ಲಾಂಚ್ ತಪ್ಪಿದ್ರೆ, ಜ್ವರ ಬಂದ ಮಗೂನ ಹಿಡ್ಕಂಡು ಇಡೀ ರಾತ್ರಿ.” ಆಮೇಲೆ ನೀರಿನತ್ತ ಕೈ ತೋರಿಸಿ, “ಅಲ್ಲಿತ್ತು ನಮ್ಮಪ್ಪನ ಗದ್ದೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಅನೇಕ ಹಳ್ಳಿಗಳು ಮುಳುಗಿದವು, ನಾಡಿಗೆ ವಿದ್ಯುತ್ತು ಬಂದಿತು. ನಾನು ಓದಿದ ದೀಪ ಆ ಗದ್ದೆಯ ಮೇಲೆ ಉರಿದದ್ದು. ಇಲ್ಲಿ ಉಳಿದವರು ಲಾಂಚಿನ ಹೊತ್ತಿಗೆ ತಮ್ಮ ಬಾಳನ್ನು ಹೊಂದಿಸಿಕೊಂಡರು. ಸೇತುವೆ ಉದ್ಘಾಟನೆಯಾದದ್ದು 2025ರಲ್ಲಿ. ಅಂಥ ನೀರಿನ ಮೇಲೆ ನನ್ನ ವಿಹಾರವೆ?

ಅಂದು ನಾನು ಏನೂ ಹೇಳಲಿಲ್ಲ. ಇಂದು ಹೇಳುತ್ತೇನೆ: ಹೋಗದೆ ಇರುವುದು ಇದಕ್ಕೆ ಉತ್ತರವಲ್ಲ. ಹೋಗದವನಿಗೆ ಆ ಗದ್ದೆಯ ಸುದ್ದಿಯೇ ತಿಳಿಯದು. ಹೋಗುವ ರೀತಿಯಲ್ಲಿ ಉತ್ತರವಿದೆ. ದಡವನ್ನು ಕೊಂಡು, ಬೇಲಿ ಹಾಕಿ, ಊರಿನ ದನ ನೀರಿಗಿಳಿಯುವ ದಾರಿಯನ್ನು ಮುಚ್ಚಿದ ರೆಸಾರ್ಟು ನನ್ನ ಮಿತ್ರರ ಕಣ್ಣಿಗೆ ನಾಗರಿಕತೆ; ಊರವರನ್ನು ಕೇಳಿ ಒಂದು ರಾತ್ರಿ ಮಲಗಿ, ಬೂದಿಯನ್ನೂ ಕಸವನ್ನೂ ಚೀಲದಲ್ಲಿ ಕಟ್ಟಿಕೊಂಡು ಬಂದವನು ಹುಚ್ಚ! ನನ್ನ ಪಂಗಡದವರನ್ನೂ ಬಿಡುವುದಿಲ್ಲ. ಧ್ವನಿವರ್ಧಕವನ್ನೂ ಬಾಟಲಿಗಳನ್ನೂ ದೋಣಿಯಲ್ಲಿ ಹೇರಿಕೊಂಡು ಹೋಗಿ, ಗಾಜಿನ ಚೂರುಗಳನ್ನು ಮುದುಕರ ದನಗಳ ಕಾಲಿಗೆ ಬಿಟ್ಟು ಬರುವ ತರುಣರು ರೆಸಾರ್ಟಿನವರಿಗಿಂತ ಯಾವ ಅಂಶದಲ್ಲೂ ಮೇಲಲ್ಲ.

ಮಡಚುವ ದೋಣಿಯ ಪರವಾಗಿ ನನ್ನ ಕಡೆಯ ವಾದ ಇದೇ. ಅದು ಬಂದಹಾಗೆ ಹೋಗುತ್ತದೆ. ಬೆಳಗ್ಗೆ ಅರ್ಧ ಗಂಟೆಯಲ್ಲಿ ಬಿಚ್ಚಿ, ಕಟ್ಟಿ, ಹೆಗಲಿಗೇರಿಸಿದರೆ ಆ ದಡದಲ್ಲಿ ಬಾಗಿದ ಹುಲ್ಲಲ್ಲದೆ ಏನೂ ಉಳಿಯದು. ಮಧ್ಯಾಹ್ನದ ಹೊತ್ತಿಗೆ ಆ ಹುಲ್ಲೂ ಎದ್ದು ನಿಲ್ಲುತ್ತದೆ.