ನಿವೃತ್ತಿ ಅನ್ನಲಾಗದ ಗೋಲ್‌ಕೀಪರ್: ಕ್ಯಾರಿ ಪ್ರೈಸ್ ಒಪ್ಪಂದದ ಕಥೆ

2025ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಐಸ್ ಹಾಕಿ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್ ತನ್ನ ಗೋಲ್‌ಕೀಪರ್ ಕ್ಯಾರಿ ಪ್ರೈಸ್‌ರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಶಾರ್ಕ್ಸ್‌ಗೆ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಪ್ರೈಸ್ ಒಂದು ಪಂದ್ಯ ಆಡಿ ಮೂರು ವರ್ಷದ ಮೇಲಾಗಿತ್ತು. ಮುಂದೆ ಆಡುತ್ತಾರೆ ಅಂತ ಎರಡೂ ತಂಡಗಳಲ್ಲಿ ಯಾರೂ ನಂಬಿರಲಿಲ್ಲ. ಕೈ ಬದಲಾಗಿದ್ದು ಆಟಗಾರ ಅಲ್ಲ, ಒಂದು ಕಾಗದ.

ಆ ಕಾಗದಕ್ಕೆ ಸಹಿ ಬಿದ್ದಿದ್ದು 2017ರ ಜುಲೈನಲ್ಲಿ. ಎಂಟು ವರ್ಷಕ್ಕೆ 8.4 ಕೋಟಿ ಡಾಲರ್. ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಪ್ರತಿ ತಂಡದ ಸಂಬಳದ ಖರ್ಚಿಗೆ ಒಂದು ಮಿತಿ ಇದೆ. ಒಪ್ಪಂದ ಜಾರಿಗೆ ಬಂದ 2018-19ರಲ್ಲಿ ಆ ಮಿತಿ 7.95 ಕೋಟಿ ಡಾಲರ್, ಅದರಲ್ಲಿ 1.05 ಕೋಟಿ ಇವರೊಬ್ಬರ ಲೆಕ್ಕಕ್ಕೇ ಹೋಗುತ್ತಿತ್ತು. 'ಲೀಗ್‌ನ ಅತಿ ಕೆಟ್ಟ ಒಪ್ಪಂದ' ಅಂತ ಬರೆದವರು ಬಹಳ ಮಂದಿ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ತಂಡ ಆ ದುಡ್ಡು ಕೊಟ್ಟಿದ್ದು ಯಾಕೆ ಅಂತ ನೋಡಬೇಕು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕೆನಡಾ ಚಿನ್ನ ಗೆದ್ದಾಗ ಪ್ರೈಸ್ ಐದು ಪಂದ್ಯಗಳಲ್ಲಿ ಬಿಟ್ಟಿದ್ದು ಮೂರೇ ಗೋಲು. ಸೆಮಿಫೈನಲ್, ಫೈನಲ್‌ನಲ್ಲಿ ಒಂದೂ ಇಲ್ಲ. 2015ರಲ್ಲಿ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯ ಜೊತೆಗೆ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿಯೂ ಬಂತು. ಗೋಲ್‌ಕೀಪರ್‌ಗಳಿಗೆ ಅದು ಸಿಗೋದು ಬಲು ಅಪರೂಪ. ಕೆನೇಡಿಯನ್ಸ್ ಪರ 361 ಗೆಲುವು ಆ ತಂಡದ ದಾಖಲೆ. ಬ್ರಿಟಿಷ್ ಕೊಲಂಬಿಯಾದ ಅನಾಹಿಮ್ ಲೇಕ್ ಎಂಬ ಸಣ್ಣ ಊರಿನ ಹುಡುಗ ಇವರು. ಅಭ್ಯಾಸಕ್ಕೆ ವಿಲಿಯಮ್ಸ್ ಲೇಕ್‌ಗೆ ಹೋಗಬೇಕಿತ್ತು, 300 ಕಿಲೋಮೀಟರ್‌ಗೂ ಹೆಚ್ಚು ದೂರ. ಅಪ್ಪ ಒಂದು ಪುಟ್ಟ ವಿಮಾನ ಕೊಂಡು ಮಗನನ್ನು ಕರೆದೊಯ್ಯುತ್ತಿದ್ದರು. ತಾಯಿ ಉಲ್ಕಾಚೊ ಎಂಬ ಮೂಲನಿವಾಸಿ ಸಮುದಾಯದ ಮುಖ್ಯಸ್ಥೆಯಾಗಿದ್ದವರು.

ಇನ್ನು ಮಂಡಿಯ ವಿಷಯ. ಈಗಿನ ಐಸ್ ಹಾಕಿ ಗೋಲ್‌ಕೀಪರ್‌ಗಳು 'ಬಟರ್‌ಫ್ಲೈ' ಶೈಲಿಯಲ್ಲಿ ಆಡುತ್ತಾರೆ. ರಬ್ಬರ್ ಬಿಲ್ಲೆ ಬರುತ್ತಿದ್ದಂತೆ ಎರಡೂ ಮಂಡಿ ಐಸ್ ಮೇಲೆ ಊರಿ, ಪಾದಗಳನ್ನು ಎರಡೂ ಬದಿಗೆ ಚಾಚಿ ಗೋಲಿನ ಕೆಳಭಾಗ ಮುಚ್ಚೋದು. ತಕ್ಷಣ ಎದ್ದು ಮತ್ತೆ ಬೀಳೋದು. ವಿಕೆಟ್ ಕೀಪರ್ ಕೂತು ಏಳೋದನ್ನು ನೆನೆಸಿಕೊಳ್ಳಿ. ಇಲ್ಲಿ ಕೂರೋದಲ್ಲ, ಭಾರವಾದ ಪ್ಯಾಡ್ ಕಟ್ಟಿಕೊಂಡು ಬೀಳೋದು. ಸೊಂಟ, ಮಂಡಿ ಎಷ್ಟು ವರ್ಷ ತಡೆದಾವು?

2021ರಲ್ಲಿ ಪ್ರೈಸ್ ತಂಡವನ್ನು ಸ್ಟ್ಯಾನ್ಲಿ ಕಪ್ ಫೈನಲ್‌ವರೆಗೆ ತಂದರು. ಅದು ಮುಗಿದ ಕೂಡಲೇ ಮಂಡಿಗೆ ಶಸ್ತ್ರಚಿಕಿತ್ಸೆ. ಅಕ್ಟೋಬರ್‌ನಲ್ಲಿ ಲೀಗ್‌ನ ಆಟಗಾರರ ನೆರವು ಕಾರ್ಯಕ್ರಮ ಸೇರಿದರು. ಮಾದಕ ವ್ಯಸನದ ಸಮಸ್ಯೆ ಇತ್ತೆಂದು ಆಮೇಲೆ ತಾವೇ ಬಹಿರಂಗವಾಗಿ ಹೇಳಿಕೊಂಡರು. ಆ ಋತುವಿನ ಕೊನೆಗೆ ಐದೇ ಪಂದ್ಯ. ಕೊನೆಯದು 2022ರ ಏಪ್ರಿಲ್ 29, ಫ್ಲಾರಿಡಾ ವಿರುದ್ಧ 10-2 ಗೆಲುವು. ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತೋದೇ ಕಷ್ಟ ಅಂತ ನಂತರ ಹೇಳಿದರು.

ಹಾಗಾದರೆ ನಿವೃತ್ತಿ ಘೋಷಿಸಲಿಲ್ಲ ಯಾಕೆ? ನಿಯಮ ಇರೋದೇ ಹಾಗೆ. ನಿವೃತ್ತಿ ಅಂದರೆ ಒಪ್ಪಂದ ಅಲ್ಲಿಗೇ ಮುಗಿದು ಉಳಿದ ಸಂಬಳ ಕೈಬಿಡುತ್ತದೆ. ಗಾಯಾಳುಗಳ ಪಟ್ಟಿಯಲ್ಲಿದ್ದರೆ ಪೂರ್ತಿ ಬರುತ್ತದೆ. ಇದನ್ನು ದುರಾಸೆ ಅನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಕೆಲಸದಲ್ಲೇ ಮಂಡಿ ಹೋದ ಕಾರ್ಮಿಕ ತಾನಾಗಿಯೇ ರಾಜೀನಾಮೆ ಕೊಟ್ಟು ಪರಿಹಾರ ಬಿಡಬೇಕಾ? ಸಹಿ ಹಾಕಿದಾಗ ಅವರಿಗೆ 29 ವರ್ಷ. ಒಪ್ಪಂದ ಮುಗಿಯುವಾಗ 38. ಆ ಅಪಾಯದ ಲೆಕ್ಕ ಹಾಕಿಯೇ ತಂಡ ಸಹಿ ಮಾಡಿದ್ದು.

ತಂಡಗಳು ಇದರಲ್ಲೂ ವ್ಯಾಪಾರ ಕಂಡುಕೊಂಡವು. ಸೆಪ್ಟೆಂಬರ್ 1ಕ್ಕೆ ಕೊಡಬೇಕಿದ್ದ 55 ಲಕ್ಷ ಡಾಲರ್ ಬೋನಸ್ ಕೆನೇಡಿಯನ್ಸ್ ಕೊಟ್ಟಿತು, ಉಳಿದ 20 ಲಕ್ಷದ ಸಂಬಳ ಶಾರ್ಕ್ಸ್ ಪಾಲಾಯಿತು. ಮಿತಿಯೊಳಗೆ ಸಾಕಷ್ಟು ಜಾಗ ಇದ್ದ ಶಾರ್ಕ್ಸ್, ಈ ಹೊರೆ ಹೊತ್ತದ್ದಕ್ಕೆ ಒಂದು ಡ್ರಾಫ್ಟ್ ಆಯ್ಕೆಯನ್ನೂ ಪಡೆಯಿತು. ಲೀಗ್‌ನ ನಿಯಮದಲ್ಲಿ ಇದೆಲ್ಲ ಸಲೀಸು. ಒಬ್ಬ ಆಟಗಾರ 'ಇನ್ನು ಸಾಕು' ಅಂತ ತನ್ನ ಊರಿನ ಪ್ರೇಕ್ಷಕರ ಮುಂದೆ ನಿಂತು ಹೇಳೋದಕ್ಕೆ ಮಾತ್ರ ಲಕ್ಷಾಂತರ ಡಾಲರ್ ದಂಡ. ಪ್ರೈಸ್ ಒಪ್ಪಂದದ ಕೊನೇ ಋತು 2025-26. ಅದು ಮುಗಿದ ಮೇಲಷ್ಟೇ ಅವರು ಆ ಮಾತನ್ನು ಪುಕ್ಕಟೆಯಾಗಿ ಆಡಬಹುದು.