ಅಂಬಾಸಡರ್‌ಗೆ ಆಯಿಲ್ ಕೂಲರ್ ಬೇಕಾ?

ಹೋದ ಬೇಸಿಗೇಲಿ ಯಲಬುರ್ಗಾದಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಅಪ್ಪನ ಗಾಡಿಗೆ ಆಯಿಲ್ ಕೂಲರ್ ಹಾಕಸೂಣೇನು? ಹಾಕಿದ್ರ ಇನ್ನ ಎಂಜಿನ್ ಕಾಯೂದ ಇಲ್ಲ ಅಂತ ಮಿಸ್ತ್ರಿ ಹೇಳ್ಯಾನ."

ಗಾಡಿ ಅಂದ್ರೆ ನಮ್ಮ ಹಳೇ ಅಂಬಾಸಡರ್ ಡೀಸೆಲ್. ಕುಕನೂರು ದಾಟಿ ಕೊಪ್ಪಳ ಮುಟ್ಟೋದ್ರೊಳಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತಿತ್ತಂತೆ. ಅವ್ವನ್ನ ತಿಂಗಳಿಗೊಮ್ಮೆ ಹುಬ್ಬಳ್ಳಿ ಆಸ್ಪತ್ರೆಗೆ ಕರಕೊಂಡು ಹೋಗೋದೂ ಇದೇ ಗಾಡೀಲಿ. ಹಾಗಾಗಿ ಇದು ಬರೀ ಶೋಕಿ ಮಾತಲ್ಲ.

ನಾನು ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೀತೀನಿ, ನಮ್ಮ ಕಡೆ ಹಳೇ ಗಾಡಿ ಇಟ್ಟುಕೊಂಡವರು ಇನ್ನೂ ಇದ್ದಾರೆ.

ತಮ್ಮನ ತಲೇಲಿ ಈ ಹುಳ ಬಿಟ್ಟದ್ದು ಮೋಟರ್‌ಸೈಕಲ್ಲು. ಪಲ್ಸರ್ 220, ಹಿಮಾಲಯನ್ 411 ಇವಕ್ಕೆಲ್ಲ ಆಯಿಲ್ ಕೂಲರ್ ಇದೆ, ನಿಜ. ಆದ್ರೆ ಅವು ಗಾಳಿಯಿಂದ ತಣ್ಣಗಾಗೋ ಎಂಜಿನ್ನು, ಅಲ್ಲಿ ನೀರೇ ಇಲ್ಲ. ಬಿಸಿ ಹೊರಗೆ ಹೊರೋ ಕೆಲಸದಲ್ಲಿ ದೊಡ್ಡ ಪಾಲು ಆಯಿಲ್ ಮೇಲೇ ಬೀಳ್ತದೆ. ಅಂಬಾಸಡರ್‌ನಲ್ಲಿ ಆ ಕೆಲಸ ಮುಖ್ಯವಾಗಿ ನೀರಿಂದು. ಇನ್ನೊಂದು ಮಾತು, ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸೋದು ನೀರಿನ ಬಿಸಿ, ಆಯಿಲ್‌ದಲ್ಲ! ನೀರು ಕಾದಿದೆ ಅಂತ ಆಯಿಲ್‌ಗೆ ಔಷಧ ಹಾಕಿದ್ರೆ ಹೆಂಗೆ ಸ್ವಾಮಿ?

ನೀರು ಯಾಕೆ ಕಾಯ್ತದೆ? ನಮ್ಮ ಬೋರಿನ ಸವಳು ನೀರು ನಾಲ್ಕು ದಿನ ಕಾಸಿದ ಪಾತ್ರೆಯ ತಳ ನೋಡಿ, ಬಿಳಿ ಪದರ ಕಟ್ಟಿರ್ತದೆ. ಅದೇ ನೀರನ್ನ ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರೀತೀವಿ. ಒಳಗೆ ಸುಣ್ಣ, ಹೊರಗೆ ಧೂಳು. ಗಂಗಾವತಿ ಕಡೆ ಭತ್ತದ ಸುಗ್ಗೀಲಿ ಹೊಟ್ಟು, ಗಿಣಿಗೇರಾ ಹತ್ರ ಅದಿರಿನ ಧೂಳು, ಕುಷ್ಟಗಿ ಕಡೆ ಗ್ರಾನೈಟ್ ಪುಡಿ, ಎಲ್ಲ ಹೋಗಿ ಆ ಜಾಳಿಗೆಯಲ್ಲೇ ಕೂಡ್ತದೆ. ಮೇಲೆ 40 ಡಿಗ್ರಿ ಬಿಸಿಲು. ಮುಚ್ಚಳ ಇನ್ನೊಂದು. ಅದು ಅರ್ಧ ಬಾರ್ ಒತ್ತಡ ಹಿಡಿದ್ರೂ ನೀರು ಕುದಿಯೋದು ಸುಮಾರು 111 ಡಿಗ್ರಿಗೆ. ಅದರ ರಬ್ಬರ್ ಸತ್ತಿದ್ರೆ 100ಕ್ಕೇ ಕುದೀತದೆ. ಅಷ್ಟು ಸಣ್ಣ ಸಾಮಾನು, ಯಾರೂ ತಿರುಗಿ ನೋಡಲ್ಲ.

ಹಾಕಿಸಿದ್ರೆ ನಷ್ಟ ಏನು ಅಂತ ತಮ್ಮ ಕೇಳಿದ. ನಷ್ಟ ಇದೆ. ಕೂಲರನ್ನ ರೇಡಿಯೇಟರ್ ಮುಂದೆ ಕೂರಿಸಿದ್ರೆ, ಅದರ ಬಿಸಿ ಗಾಳಿಯೇ ರೇಡಿಯೇಟರ್‌ಗೆ ಬಡೀತದೆ. ಥರ್ಮೋಸ್ಟಾಟ್ ಇಲ್ಲದೆ ಕೂರಿಸಿದ್ರೆ ಚಳಿಗಾಲದಲ್ಲಿ, ಪೇಟೆಯೊಳಗಿನ ಸಣ್ಣ ಓಡಾಟದಲ್ಲಿ ಆಯಿಲ್ ಕಾಯೋದೇ ಇಲ್ಲ, ಒಳಗಿನ ತೇವ ಹೋಗದೆ ರಾಡಿ ಆಗ್ತದೆ. ಎಲ್ಲಕ್ಕಿಂತ ಹೆದರಿಕೆ ಪೈಪಿಂದು. ನನ್ನ ಪರಿಚಯದವರೊಬ್ಬರ ಹಳೇ ಜೀಪಿಗೆ ಹಿಂಗೇ ಹೊರಗಿನ ಕೂಲರ್ ಕೂರಿಸಿದ್ರು. ಹೊಲದ ದಾರೀಲಿ ಪೈಪು ತಿಕ್ಕಿ ತಿಕ್ಕಿ ಹರೀತು. ಆಯಿಲ್ ಲೈಟ್ ಹತ್ತಿದ್ದು ಅವರಿಗೆ ಬಿಸಿಲಲ್ಲಿ ಕಾಣಲೇ ಇಲ್ಲ. ಬೇರಿಂಗು, ಕ್ರ್ಯಾಂಕು ಎಲ್ಲಾ ಹೋಯ್ತು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ, ಎಂಜಿನ್ ಹಿಡಕೊಂಡ್ರೆ ಸಾಮಾನಿಗೆ ಎಲ್ಲಿ ಅಂತ ಅಲೀಬೇಕು?

ಹಾಗಂತ ಯಾರಿಗೂ ಬೇಡ ಅನ್ನಲ್ಲ. ತುಂಬಾ ಜನ ತುಂಬಿಕೊಂಡು ದಿನಾ ಅನಮೋಡ ಘಾಟ್ ಹತ್ತೋ ಗಾಡಿ ಆದ್ರೆ ಮಾತು ಬೇರೆ. ಅವರೂ ಮೊದಲು ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸಿ ಅಳೀಲಿ. ಎಷ್ಟು ಹೊತ್ತಾದ್ರೂ 130ರ ಮೇಲೇ ನಿಂತ್ರೆ ಆಮೇಲೆ ಥರ್ಮೋಸ್ಟಾಟ್ ಸಮೇತ ಕೂಲರ್ ತರಲಿ.

ತಮ್ಮ ಮೂರು ದಿನ ಮುನಿಸಿಕೊಂಡಿದ್ದ. ಆಮೇಲೆ ರೇಡಿಯೇಟರ್ ಬಿಚ್ಚಿಸಿ ರಾಡ್ ಹೊಡೆಸಿದ. ಬೊಗಸೆ ತುಂಬ ಬಿಳಿ ಚೂರು ಉದುರಿತಂತೆ. ಹೊಸ ಮುಚ್ಚಳ, ಹೊಸ ಫ್ಯಾನ್ ಬೆಲ್ಟು, ಬೋರಿನ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್. ಮೇ ತಿಂಗಳ ಮಧ್ಯಾಹ್ನ ಅವ್ವನ್ನ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದ, ಮುಳ್ಳು ಅರ್ಧ ದಾಟಲಿಲ್ಲ.

ಈಗ ಎಲ್‌ಇಡಿ ಹೆಡ್‌ಲೈಟ್ ಬೇಕಂತೆ. ಅದನ್ನೂ ಅದೇ ಮಿಸ್ತ್ರಿ ಹೇಳಿದ್ದು :-)